ಮೇಣದಬತ್ತಿಗೆ ಜಾಗವಿದೆ, ಬೆಂಚಿನಲ್ಲಿ?

ಸೆಪ್ಟೆಂಬರ್ 8ರ ಮೇರಿ ಹಬ್ಬಕ್ಕೆ ಚರ್ಚಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಜಾತಿ ಕೇಳುವವರಿಲ್ಲ, ಮತ ಕೇಳುವವರಿಲ್ಲ. ತೇರು ಮರಳಿ ಚರ್ಚು ಸೇರಿದ ಮೇಲೆ, ಮುಂದಿನ ಭಾನುವಾರ ಒಬ್ಬಂಟಿಯಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತವರನ್ನು ಮಾತನಾಡಿಸುವವರು ಯಾರು?

ಶಿವಾಜಿನಗರದ ರಸೆಲ್ ಮಾರ್ಕೆಟ್ ಚೌಕದಲ್ಲಿ ಸೆಪ್ಟೆಂಬರ್ 8ರ ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಕಾವಿ ಸೀರೆ ಉಟ್ಟ ಹೆಂಗಸರು, ಕಾವಿ ಪಂಚೆ, ಕಾವಿ ಟಿ-ಶರ್ಟಿನ ಹುಡುಗರು ಬರಿಗಾಲಲ್ಲಿ ನಡೆದು ಬರುತ್ತಿರುತ್ತಾರೆ. ಮಲ್ಲಿಗೆ ಮಾರುವವಳಿಗೆ ಮೊಳ ಹಾಕಲೂ ಪುರುಸೊತ್ತಿಲ್ಲ. ಪಕ್ಕದ ತಳ್ಳುಗಾಡಿಯಲ್ಲಿ ಮೇಣದಬತ್ತಿಯ ಕಟ್ಟುಗಳು, ಅವುಗಳ ಜೊತೆ ತೆಳು ತಗಡಿನಲ್ಲಿ ಮಾಡಿದ ಪುಟ್ಟ ಕಣ್ಣು, ಕೈ, ಕಾಲು, ತೊಟ್ಟಿಲು. ಕಾಲುನೋವಿಗೆ ಕಾಲು, ಮಗು ಬೇಕೆಂದವರಿಗೆ ತೊಟ್ಟಿಲು.

ಸಂತ ಮೇರಿ ಬಸಿಲಿಕದ ಆವರಣದಲ್ಲಿ ಸಾಲು ನಿಂತಲ್ಲೇ ನಿಂತಿರುತ್ತದೆ. ಹಣೆಯ ತುಂಬ ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು, ಕೊರಳಲ್ಲಿ ಜಪಸರ ಹಾಕಿಕೊಂಡವರು ಒಬ್ಬರ ಬೆನ್ನಿಗೊಬ್ಬರು. ಸಾಲಿನ ತುದಿಯಲ್ಲಿ ಆರೋಗ್ಯಮಾತೆ ಮೇರಿ. ಅವಳೂ ಸೀರೆ ಉಟ್ಟಿದ್ದಾಳೆ. ಎದುರಿಗೆ ಬಂದವರು ಕೈ ಮುಗಿಯುತ್ತಾರೆ, ಏನೋ ಹೇಳಿಕೊಳ್ಳುತ್ತಾರೆ, ಕಣ್ಣೊರೆಸಿಕೊಂಡು ಮುಂದೆ ಸಾಗುತ್ತಾರೆ. ನಿಮ್ಮದು ಯಾವ ಧರ್ಮ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಆಗಸ್ಟ್ 29ರಂದು ಧ್ವಜ ಏರಿದಾಗಿನಿಂದ ಇದೇ ಜನಸಾಗರ. ಬೆಂಗಳೂರಿನಲ್ಲಿ ಇಷ್ಟೊಂದು ಬಗೆಯ ಜನ ಒಂದೇ ಹರಕೆಗೆ ಹೆಗಲು ತಾಗಿಸಿ ನಿಲ್ಲುವ ಜಾಗಗಳು ಹೆಚ್ಚಿಲ್ಲ.

ಈ ಜಾಗದ ಹುಟ್ಟೇ ಹಾಗಿದೆ. ಆಗ ಇದು ಬಿಳಿಅಕ್ಕಿಪಳ್ಳಿ. ಫ್ರಾನ್ಸಿನಿಂದ ಬಂದಿದ್ದ ಪಾದ್ರಿ ಅಬ್ಬೆ ದುಬಾಯ್ 1818ರ ಸುಮಾರಿಗೆ ಇಲ್ಲೊಂದು ಹುಲ್ಲು ಮಾಡಿನ ಪ್ರಾರ್ಥನಾಲಯ ಕಟ್ಟಿದರು. ಪರದೇಶಿ ಪಾದ್ರಿಯೇ ಆದರೂ ಇಲ್ಲಿಯವರ ಉಡುಪು ತೊಟ್ಟು, ಇಲ್ಲಿಯವರ ಊಟ ಉಂಡು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಕೆಲಸ ಈ ದೇಶದಲ್ಲಿ ನಡೆಯುವಂಥದ್ದಲ್ಲ ಎಂದು ಬರೆದು, 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಅವರು ಬಿಟ್ಟುಹೋದ ಜಾಗಕ್ಕೆ ಈಗ ಬರುವ ಹಿಂದೂಗಳಿಗೆ ಲೆಕ್ಕವಿಲ್ಲ. ಬರುವುದು ಮತ ಬದಲಿಸಲಲ್ಲ, ಹರಕೆ ತೀರಿಸಲು.

ಈಗಿನ ಗಾಥಿಕ್ ಕಟ್ಟಡ ಎದ್ದಿದ್ದು 1882ರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಬಯಲು ಸೇರಿದರು. ಕಾಪಾಡು ಎಂದು ಮೊರೆಯಿಡಲು ಆಗ ಯಾರಿಗೆ ಯಾವ ದೇವರು ಎಂಬ ಎಣಿಕೆ ಇರಲಿಲ್ಲ. ಆರೋಗ್ಯಮಾತೆಯ ಭಕ್ತಿ ಊರಗಲ ಹಬ್ಬಿದ್ದು ಆ ದಿನಗಳಲ್ಲಿ.

> ಮೂರು ಬಸಿಲಿಕ, ಮೂರು ಜಾತ್ರೆ
>
> ಶಿವಾಜಿನಗರ, ಬೆಂಗಳೂರು: ಸಂತ ಮೇರಿ ಚರ್ಚಿಗೆ 1973ರಲ್ಲಿ ಪೋಪ್ ಆರನೇ ಪೌಲ್ ಕಿರು ಬಸಿಲಿಕದ ಮಾನ್ಯತೆ ಕೊಟ್ಟರು. ಹಬ್ಬ ಸೆಪ್ಟೆಂಬರ್ 8.
>
> ಅತ್ತೂರು, ಕಾರ್ಕಳ: ಸಂತ ಲಾರೆನ್ಸರ ಚರ್ಚು, 1759ರಲ್ಲಿ ಆರಂಭ. 2016ರಲ್ಲಿ ಬಸಿಲಿಕ. ಜನವರಿಯ ಜಾತ್ರೆಗೆ ತುಳುನಾಡಿನ ಎಲ್ಲ ಜಾತಿ, ಮತದವರೂ ಬರುತ್ತಾರೆ. ಪಕ್ಕದ ಪುಷ್ಕರಿಣಿಯ ನೀರು ಕೊಂಡೊಯ್ಯುತ್ತಾರೆ.
>
> ಡೋರನಹಳ್ಳಿ, ಕೆ.ಆರ್. ನಗರ: ಹೊಲ ಉಳುತ್ತಿದ್ದ ರೈತನಿಗೆ ಮರದ ಮೂರ್ತಿ ಸಿಕ್ಕಿತು, ಅದು ಸಂತ ಅಂತೋಣಿಯವರದೆಂದು ಆಮೇಲೆ ತಿಳಿಯಿತು ಎಂಬುದು ಇಲ್ಲಿಯ ಐತಿಹ್ಯ. 2019ರಲ್ಲಿ ಬಸಿಲಿಕ. ಹಬ್ಬ ಜೂನ್ 13.

ಇನ್ನು ಭಾನುವಾರದ ಮಾತು.

ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಹುಡುಗಿಯೊಬ್ಬಳು ಪಿ.ಜಿ. ಹತ್ತಿರದ ಚರ್ಚಿಗೆ ಬೆಳಗಿನ ಪೂಜೆಗೆ ಹೋಗುತ್ತಾಳೆ ಎಂದುಕೊಳ್ಳಿ. ಬಾಗಿಲು ತೆರೆದೇ ಇದೆ. ಒಳಗೆ ಬೆಂಚಿನ ಒಂದು ಕೊನೆಯಲ್ಲಿ ಒಬ್ಬರು ಕೂತಿದ್ದಾರೆ. ಇವಳು ಬಂದಾಗ ಅವರು ಒಳಕ್ಕೆ ಸರಿಯುವುದಿಲ್ಲ. ಮೊಣಕಾಲು ಪಕ್ಕಕ್ಕೆ ತಿರುಗಿಸಿ ದಾರಿ ಬಿಡುತ್ತಾರೆ. ಅಡ್ಡಗಾಲು ದಾಟಿಕೊಂಡು ಒಳಗೆ ಹೋಗಿ ಕೂರಬೇಕು. ಯಾವಾಗ ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು, ಯಾವ ಮಾತಿಗೆ ಏನು ಮರುತ್ತರ ಎಂಬುದು ಸುತ್ತಲಿನ ಎಲ್ಲರಿಗೂ ಬಾಯಿಪಾಠ. ಹಾಡಿನ ಪುಸ್ತಕ ಕೆಲವರ ಕೈಯಲ್ಲಷ್ಟೇ ಇದೆ. ಅವಳು ಕಥೋಲಿಕಳೇ ಆಗಿದ್ದರೂ ಕಲಿತದ್ದು ಬೇರೆ ಭಾಷೆಯಲ್ಲಾದರೆ, ತುಟಿ ಆಡಿಸುತ್ತಾ ಗಂಟೆ ಕಳೆಯಬೇಕು.

ನಡುವೆ ಒಂದು ಒಳ್ಳೆಯ ಗಳಿಗೆ ಬರುತ್ತದೆ. ಪರಸ್ಪರ ಶಾಂತಿ ಕೋರುವ ಹೊತ್ತು. ಪಶ್ಚಿಮದಲ್ಲಿ ಕೈ ಕುಲುಕುತ್ತಾರೆ. ನಮ್ಮಲ್ಲಿ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿ ಕೈ ಮುಗಿಯುತ್ತಾರೆ. ಅರ್ಧ ನಿಮಿಷವೂ ಹಿಡಿಯದ ಈ ನಮಸ್ಕಾರದಲ್ಲಿ ಪಕ್ಕದವರ ಮುಖ ಮೊದಲ ಸಲ ಕಾಣುತ್ತದೆ. ಕೆಲವರ ಪಾಲಿಗೆ ಇಡೀ ವಾರದಲ್ಲಿ ಗುರುತಿಲ್ಲದ ಊರು ತಮ್ಮತ್ತ ನೋಡಿ ನಕ್ಕಿದ್ದು ಇಷ್ಟೇ.

ಆಮೇಲೆ ಪರಮಪ್ರಸಾದದ ಸಾಲು. ಹಬ್ಬದ ಸಾಲಿನಂತೆ ಇದು ಎಲ್ಲರದ್ದಲ್ಲ. ಕಥೋಲಿಕ ಸಭೆಯ ಕಟ್ಟಳೆಯಂತೆ ಜ್ಞಾನಸ್ನಾನ ಪಡೆದು, ತಕ್ಕ ಸಿದ್ಧತೆ ಮಾಡಿಕೊಂಡ ಕಥೋಲಿಕರಿಗೆ ಮಾತ್ರ ಅದನ್ನು ಕೊಡುತ್ತಾರೆ. ಯೇಸುವಿನ ಶರೀರವೇ ಅದು ಎಂಬುದು ಅವರ ನಂಬಿಕೆ. ಆ ಗಾಂಭೀರ್ಯವನ್ನು ಗೌರವಿಸಬೇಕು. ಗುಡಿಯ ಅಭ್ಯಾಸದಲ್ಲಿ ಬೆಳೆದವರಿಗೆ ಇದು ಗೊತ್ತಿರುವುದಿಲ್ಲ. ಎಲ್ಲರೂ ಎದ್ದರು, ನಾವೂ ಏಳೋಣ ಎಂದು ಸಾಲಿಗೆ ಸೇರಿ ಬೊಗಸೆ ಒಡ್ಡುತ್ತಾರೆ.

ಇಂಥ ಹೊತ್ತಿನಲ್ಲಿ ಪಾದ್ರಿ ಏನು ಮಾಡುತ್ತಾರೆ ಎಂಬುದನ್ನು ನಾನು ಬಹಳ ಕಡೆ ಗಮನಿಸಿದ್ದೇನೆ. ಒಬ್ಬರು ತಲೆಯಲ್ಲಾಡಿಸಿ ಕೈ ಬೀಸುತ್ತಾರೆ. ಬಂದವರು ನೂರು ಜನರೆದುರು ಮುಖ ಕೆಂಪು ಮಾಡಿಕೊಂಡು ಹಿಂದಿರುಗುತ್ತಾರೆ. ಇನ್ನೊಬ್ಬರು ಬಟ್ಟಲನ್ನು ಎಡಗೈಗೆ ತೆಗೆದುಕೊಂಡು, ಬಲಗೈಯನ್ನು ಬಂದವರ ತಲೆಯ ಮೇಲಿಟ್ಟು ಆಶೀರ್ವದಿಸಿ ಕಳಿಸುತ್ತಾರೆ. ಕಟ್ಟಳೆ ಎರಡು ಕಡೆಯೂ ಒಂದೇ. ಎರಡನೆಯವರ ಚರ್ಚಿಗೆ ಆ ಮನುಷ್ಯ ಮತ್ತೆ ಬರಬಲ್ಲ.

ದಕ್ಷಿಣ ಭಾರತದ ಸಭೆ, ಅಂದರೆ ಸಿ.ಎಸ್.ಐ., ಈ ವಿಷಯದಲ್ಲಿ ತುಸು ಸಡಿಲ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪಂಗಡಗಳು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಗಿ ಹುಟ್ಟಿದ ಸಭೆ ಅದು. ಬೇರೆ ಸಭೆಗಳಲ್ಲಿ ದೀಕ್ಷಾಸ್ನಾನ (ಜ್ಞಾನಸ್ನಾನಕ್ಕೆ ಅವರ ಹೆಸರು) ಪಡೆದವರನ್ನೂ ಕರ್ತನ ಭೋಜನಕ್ಕೆ, ಅಂದರೆ ಪರಮಪ್ರಸಾದಕ್ಕೆ, ಅಲ್ಲಿ ಸಾಮಾನ್ಯವಾಗಿ ಕರೆಯುತ್ತಾರೆ.

ಪೂಜೆ ಮುಗಿದ ಮೇಲೆ ಅಂಗಳ. ನಿಜವಾದ ಪರೀಕ್ಷೆ ಇಲ್ಲೇ. ತಮಿಳು ಮಾತನಾಡುವವರು ಮಾತೆಯ ಗವಿಯ (ಗ್ರೊಟ್ಟೊ) ಹತ್ತಿರ, ಕೊಂಕಣಿಯವರು ಮರದ ಕೆಳಗೆ, ಮಲಯಾಳಿಗಳು ಪಾರ್ಕಿಂಗ್ ಪಕ್ಕ, ಈಶಾನ್ಯ ರಾಜ್ಯಗಳ ಹುಡುಗರು ಗೇಟಿನಾಚೆ. ಗುಂಪುಗಳಲ್ಲಿ ನಗು, ಕ್ಷೇಮಸಮಾಚಾರ, ಮದುವೆಯ ಆಮಂತ್ರಣ. ನಮ್ಮ ಹುಡುಗಿ ಮೊಬೈಲ್ ತೆಗೆದು ನೋಡುವವಳಂತೆ ನಟಿಸಿ ಹೊರಟುಬಿಡುತ್ತಾಳೆ. ಯಾರೂ ಅವಳನ್ನು ಹೊರಗೆ ಹಾಕಲಿಲ್ಲ. ಯಾರೂ ಒಳಗೆ ಕರೆದುಕೊಳ್ಳಲೂ ಇಲ್ಲ.

ಇದು ಬರೀ ಮನಸ್ಸಿನ ನೋವಾಗಿದ್ದರೆ ಹೇಗೋ ಸಹಿಸಬಹುದಿತ್ತು. ಚರ್ಚಿನ ಸದಸ್ಯತ್ವಕ್ಕೆ ಕಾಗದದ ಬೆಲೆಯೂ ಇದೆ. ಧರ್ಮಕೇಂದ್ರದ ದಾಖಲೆಯಲ್ಲಿ ಕುಟುಂಬದ ಹೆಸರು ಸೇರಿರಬೇಕು. ಮಗುವಿನ ಜ್ಞಾನಸ್ನಾನ, ಮದುವೆ, ಕಡೆಗೆ ಸ್ಮಶಾನದಲ್ಲಿ ಆರಡಿ ಜಾಗ, ಎಲ್ಲಕ್ಕೂ ಈ ಚರ್ಚಿನವರೇ ಎಂಬ ಗುರುತು ಬೇಕು. ಊರಿನ ಫಾದರ್ ಕೊಟ್ಟ ಪತ್ರ ತರಬೇಕು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವ ಗಾರೆ ಕೆಲಸದವನಿಗೆ, ಎರಡು ವರ್ಷಕ್ಕೊಮ್ಮೆ ಆಸ್ಪತ್ರೆ ಬದಲಿಸುವ ನರ್ಸಿಗೆ ಈ ಗುರುತು ಸಿಗುವುದು ಸುಲಭವಲ್ಲ. ಸಾವಾದ ಮನೆಯಲ್ಲಿ ಪತ್ರಕ್ಕಾಗಿ ಫೋನು ಮಾಡುತ್ತಾ ಕೂರುವ ಸ್ಥಿತಿ ಯಾರಿಗೂ ಬರಬಾರದು.

ಭಾಷೆಯ ಗಾಯವೂ ಹಳೆಯದು. 1963ರವರೆಗೆ ಎಲ್ಲರಿಗೂ ಲ್ಯಾಟಿನ್. ಅರ್ಥವಾಗದಿರುವುದರಲ್ಲಾದರೂ ಸಮಾನತೆ ಇತ್ತು. ಎರಡನೇ ವ್ಯಾಟಿಕನ್ ಮಹಾಸಭೆ ಆ ವರ್ಷ ಜನರ ಭಾಷೆಗೆ ಬಾಗಿಲು ತೆರೆದಾಗ ಬೆಂಗಳೂರಿನಲ್ಲಿ ಎದ್ದ ಪ್ರಶ್ನೆ, ಯಾವ ಜನರ ಭಾಷೆ ಎಂಬುದು. ಈ ನೆಲದ ಚರ್ಚುಗಳಲ್ಲೇ ಕನ್ನಡಕ್ಕೆ ಜಾಗ ಕೇಳಿ ಕನ್ನಡ ಕ್ರೈಸ್ತರು ದಶಕಗಳ ಕಾಲ ಹೋರಾಡಬೇಕಾಯಿತು. ಮನೆಯಲ್ಲೇ ಹೊರಗಿನವರಾಗುವುದು ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಹಾಗೆಂದು, ತಲೆಮಾರುಗಳಿಂದ ಇಲ್ಲೇ ಬಾಳಿದ ತಮಿಳು ಕುಟುಂಬದ ಅಜ್ಜಿಗೆ ತನ್ನ ಜಪ ತನ್ನ ಮಾತಿನಲ್ಲೇ ಬೇಕು ಎನಿಸುವುದರಲ್ಲಿ ತಪ್ಪೇನೂ ಇಲ್ಲ. ಕನ್ನಡಕ್ಕೆ ಅದರ ಮುಖ್ಯ ಸ್ಥಾನ ಸಿಗಲೇಬೇಕು, ಅಜ್ಜಿಗೆ ಅವಳ ಹೊತ್ತಿನ ಪೂಜೆಯೂ ಸಿಗಬೇಕು. ನನ್ನ ನಿಲುವು ಇದು.

ಇದೇ ಬೆಂಗಳೂರಿನಲ್ಲಿ ಇನ್ನೊಂದು ದೊಡ್ಡ ಪ್ರಯತ್ನವೂ ನಡೆಯಿತು. ಎನ್‌ಬಿಸಿಎಲ್‌ಸಿ ಎಂದೇ ಹೆಸರಾದ ಬೈಬಲ್, ಧರ್ಮಬೋಧೆ, ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರವನ್ನು ಫಾದರ್ ಡಿ.ಎಸ್. ಅಮಲೋರ್‌ಪವದಾಸ್ 1967ರಲ್ಲಿ ಕಟ್ಟಿದರು. ಪೂಜೆಗೆ ಈ ನೆಲದ ರೂಪ ಕೊಡುವ ಹನ್ನೆರಡು ಅಂಶಗಳಿಗೆ ಎರಡು ವರ್ಷದಲ್ಲಿ ರೋಮಿನ ಒಪ್ಪಿಗೆ ಸಿಕ್ಕಿತು: ನೆಲದ ಮೇಲೆ ಕೂರುವುದು, ಆರತಿ, ಪಂಚಾಂಗ ಪ್ರಣಾಮ, ಮೇಣದಬತ್ತಿಯ ಬದಲು ಎಣ್ಣೆದೀಪ. ಹೊರಗಿನವರು ಒಳಗೆ ಬಂದಾಗ ಪರದೇಶಕ್ಕೆ ಬಂದಂತೆ ಅನ್ನಿಸಬಾರದು ಎಂಬ ಕಾಳಜಿ ಅದರ ಹಿಂದಿತ್ತು.

ಹೊಸಬರು ಬಂದರೆ ಅವರಿಗೆ ಏನು ಕೊಡಬೇಕು? ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಅತಿ ಕಠಿಣವಾಗಿ ಎದುರಿಸಿದ್ದು ಮಂಗಳೂರಿನ ಬಾಸೆಲ್ ಮಿಶನ್. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಂದಿಳಿದರು. ಅವರ ಸಭೆ ಸೇರಿದವನಿಗೆ ಮರುದಿನ ಮನೆ ಇರುತ್ತಿರಲಿಲ್ಲ. ಧಣಿ ಗೇಣಿಭೂಮಿ ಬಿಡಿಸುತ್ತಿದ್ದ, ಅಣ್ಣತಮ್ಮಂದಿರು ಪಾಲು ಕೊಡುತ್ತಿರಲಿಲ್ಲ. ಸೇಂದಿ ಇಳಿಸುವ ಕಸುಬಿನವನಾದರೆ ಆ ಕಸುಬನ್ನು ಮಿಶನ್ನೇ ಬೇಡವೆನ್ನುತ್ತಿತ್ತು. ಪ್ರಾರ್ಥನೆ ಸಿಕ್ಕಿತು, ಗಂಜಿ ಹೋಯಿತು.

ಮೇಲುಜಾತಿಯವರ ಕಷ್ಟ ಇನ್ನೊಂದು ಥರ. ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಕೌಂಡಿನ್ಯನಾದಾಗ ಹೆಂಡತಿಯೂ ಮನೆಯವರೂ ದೂರವಾದರು. ಆತ ಬಾಸೆಲ್‌ಗೆ ಹೋಗಿ ಓದಿ, ಬೋಧಕನಾಗಿ ಮರಳಿ, ಇಲ್ಲಿಯೇ ದುಡಿದ.

ಬರೀ ಆಶೀರ್ವಾದದಿಂದ ಇವರೆಲ್ಲರ ಹೊಟ್ಟೆ ತುಂಬುವುದಿಲ್ಲ ಎಂದು ಮಿಶನ್ ಬೇಗ ಅರಿತಿತು. 1851ರಲ್ಲಿ ನೇಯ್ಗೆ ಶಾಲೆ ಬಂತು. ಹಾಲರ್ ಎಂಬಾತ ಅಲ್ಲಿ ರೂಪಿಸಿದ ಖಾಕಿ ಬಣ್ಣ ಮುಂದೆ ಪೊಲೀಸರ, ಸಿಪಾಯಿಗಳ ಮೈಮೇಲೇರಿತು. 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಎಂಬಾತ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನೇತ್ರಾವತಿಯ ಜೇಡಿಮಣ್ಣು, ದೋಣಿಯಲ್ಲಿ ಬಂದ ಸೌದೆ, ಅಚ್ಚಿಗೆ ಒತ್ತುವ ಯಂತ್ರ. ಹೊಸಬರಿಗೆ ಕೂಲಿ, ಸಾಲುಮನೆ, ಮಕ್ಕಳಿಗೆ ಶಾಲೆ. ಕರಾವಳಿಯ ಮನೆಗಳ ಮೇಲಿನ ಮಂಗಳೂರು ಹೆಂಚು ಹುಟ್ಟಿದ್ದು ಹೀಗೆ, ಮನೆ ಕಳೆದುಕೊಂಡವರ ಕೈಯಿಂದ. ಕ್ರೈಸ್ತ ಸಭೆಗಳು ಹೊಸಬರನ್ನು ಬರಮಾಡಿಕೊಂಡ ಬಗೆಗಳಲ್ಲಿ ನನಗೆ ಇದಕ್ಕಿಂತ ದೊಡ್ಡದು ಕಾಣುವುದಿಲ್ಲ. ಜಾತಿ ಬಿಟ್ಟು ಬಾ ಎಂದವರು, ಬಂದವನ ಊಟದ ಹೊಣೆಯನ್ನೂ ಹೊತ್ತರು.

ಅದಕ್ಕೂ ಮಿತಿ ಇತ್ತು. ಕೆಲಸ, ಮನೆ, ದೇವರು ಮೂರೂ ಒಂದೇ ಧಣಿಯ ಕೈಯಲ್ಲಿದ್ದರೆ ಆಳಿಗೆ ಎದುರಾಡುವ ಧೈರ್ಯ ಎಲ್ಲಿಂದ ಬರಬೇಕು? 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಮಿಶನ್ನಿನ ಜರ್ಮನ್ನರು ಹೊರಬಿದ್ದರು, ಬ್ರಿಟಿಷ್ ಸರಕಾರ ಕಾರ್ಖಾನೆಗಳನ್ನು ವಶಕ್ಕೆ ಪಡೆಯಿತು. ಕೆಲಸವೂ ಸಭೆಯೂ ಒಂದೇ ಎಂದು ನಂಬಿದ್ದ ಕುಟುಂಬಗಳ ಕಾಲಡಿಯ ನೆಲ ಮತ್ತೊಮ್ಮೆ ಅಲುಗಿತು.

ಜಾತಿಯನ್ನು ಗೇಟಿನಾಚೆ ಬಿಟ್ಟು ಬಂದೆವು ಎಂದುಕೊಂಡವರಲ್ಲಿ ಅನೇಕರಿಗೆ ಅದು ಒಳಗೂ ಎದುರಾಯಿತು. ದಕ್ಷಿಣದ ಕೆಲವು ಕಡೆ ದಲಿತ ಕ್ರೈಸ್ತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಇದ್ದವು. ಇದನ್ನು ಹೊರಗಿನವರು ಹೇಳಿದರೆ ಆರೋಪ ಎನ್ನಬಹುದು. ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಆ ನೀತಿ ಪ್ರತಿ ಧರ್ಮಕೇಂದ್ರದ ಆಡಳಿತ ಮಂಡಳಿಯ ಮೇಜಿನ ಮೇಲೆ ಬರಬೇಕು.

> ಎರಡೂ ಕಡೆಯ ಇಕ್ಕಟ್ಟು
>
> 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಅವರಿಗೂ ಕೊಡಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. ಇದೇ ವಿಷಯ ಪರಿಶೀಲಿಸಲು 2022ರಲ್ಲಿ ಕೇಂದ್ರ ಸರಕಾರ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು.

ಬಾಗಿಲಲ್ಲಿ ಈಚೆಗೆ ಇನ್ನೊಂದು ಭಯವೂ ಬಂದು ನಿಂತಿದೆ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಆರಾಧನಾ ಮಠವೂ ಸೇರಿ ರಾಜ್ಯದ ಹಲವು ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಮೊಂತಿ ಹಬ್ಬದ, ಅಂದರೆ ಸೆಪ್ಟೆಂಬರ್ 8ರ ಮೇರಿ ಹಬ್ಬದ, ಹೊಸ ತೆನೆಯನ್ನು ದೇವರಮನೆಯಲ್ಲಿ ಕಟ್ಟಿ ಒಂದು ವಾರವೂ ಆಗಿರಲಿಲ್ಲ. ಅಲ್ಲಿಂದೀಚೆಗೆ ಗೇಟುಗಳಿಗೆ ಕಾವಲುಗಾರರು, ಕಂಬಗಳಿಗೆ ಕ್ಯಾಮೆರಾಗಳು ಬಂದವು. 2022ರಲ್ಲಿ ಬಂದ ರಾಜ್ಯದ ಮತಾಂತರ ಕಾಯ್ದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಅದನ್ನು ಹಿಂಪಡೆಯಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾನೂನಿನ ಕಥೆ ಏನೇ ಆಗಲಿ, ಮನಸ್ಸಿನೊಳಗೆ ಅದು ಬಿಟ್ಟುಹೋದ ಅಳುಕು ಹಾಗೇ ಇದೆ. ಗುರುತಿಲ್ಲದವರು ಒಳಗೆ ಬಂದು ಕೂತರೆ, ಬನ್ನಿ ಎನ್ನಲೂ ಹೆದರಿಕೆ. ಎರಡು ಮಾತು ಹೆಚ್ಚು ಆಡಿದರೆ ಆಮಿಷ ಎಂದಾರೇ? ಬೈಬಲ್ ಕೊಟ್ಟರೆ ದೂರು ಹೋದೀತೇ? ಈ ಭಯ ಸುಳ್ಳಲ್ಲ. ಅದನ್ನು ಹುಟ್ಟಿಸಿದವರು ಚರ್ಚಿಗೆ ಮಾತ್ರ ಅಲ್ಲ, ಚರ್ಚಿನ ಅಂಗಳಕ್ಕೆ ಹರಕೆ ಹೊತ್ತು ಬರುವ ಇಡೀ ಊರಿಗೆ ಅನ್ಯಾಯ ಮಾಡಿದ್ದಾರೆ.

ಈ ಎಲ್ಲದರ ನಡುವೆಯೂ ಹೊಸಬರನ್ನು ಹೆಸರು ಹಿಡಿದು ಕರೆಯುವ ಜಾಗಗಳಿವೆ. ಕಲ್ಯಾಣ ಮಂಟಪದ ಮೇಲಿನ ಮಹಡಿ, ಶೀಟು ಹೊದಿಸಿದ ಶೆಡ್ಡು, ಯಾರದೋ ಮನೆಯ ಹಾಲ್. ಅಲ್ಲಿ ಕೂಡುವ ಪೆಂಟೆಕೋಸ್ಟಲ್ ಸಭೆಗಳಿಗೆ ಮೊದಲ ಸಲ ಹೋದವರಿಗೆ ಚಾಪೆಯಲ್ಲಿ ಜಾಗ, ಕೈಗೊಂದು ಹಾಡಿನ ಪುಸ್ತಕ, ಕೊನೆಗೆ ಚಹಾ. ಬುಧವಾರದೊಳಗೆ ಯಾರೋ ಮನೆಗೆ ಬಂದು, ಅಕ್ಕಾ, ಮಗುವಿನ ಜ್ವರ ಹೇಗಿದೆ ಎಂದು ಕೇಳಿರುತ್ತಾರೆ. ಮನೆಗೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ದೊಡ್ಡ ಚರ್ಚು ದಾಟಿಕೊಂಡು ಅಲ್ಲಿಗೆ ಹೋಗುವುದಕ್ಕೆ ದೇವಶಾಸ್ತ್ರ ಕಾರಣವಲ್ಲ. ಕೆಲವೆಡೆ ಈ ಅಕ್ಕರೆಗೆ ಅವಸರವೂ ಅಂಟಿಕೊಂಡಿರುತ್ತದೆ ಎಂಬುದು ನಿಜ. ಒಂದು ಸಲ ಬಂದವರಿಗೆ ಇನ್ನೊಮ್ಮೆ ಬಾರದಿರುವ ಸ್ವಾತಂತ್ರ್ಯ ಇರಬೇಕು. ಹಳೆಯ ಚರ್ಚುಗಳು ಆ ಅವಸರವನ್ನು ಬಿಟ್ಟು, ಬುಧವಾರದ ವಿಚಾರಣೆಯನ್ನಷ್ಟೇ ಕಲಿತರೆ ಸಾಕು.

ಕಲಿಸಬಲ್ಲವರು ಅವರ ಬೆಂಚುಗಳಲ್ಲೇ ಕೂತಿದ್ದಾರೆ. ಮಂಗಳೂರು, ಉಡುಪಿಯ ಕಥೋಲಿಕರು ಕೊಲ್ಲಿ ದೇಶಗಳಿಗೆ ಹೋದಾಗ ಅವರೇ ಹೊಸಬರು. ದುಬೈನ ಸಂತ ಮೇರಿ ಚರ್ಚು ನಿಂತಿರುವುದು ಅಲ್ಲಿನ ಮುಸ್ಲಿಂ ದೊರೆ ಶೇಖ್ ರಶೀದ್ ಕೊಟ್ಟ ನೆಲದಲ್ಲಿ, 1967ರಿಂದ. ಶುಕ್ರವಾರ ರಜೆಯಿದ್ದ ಕಾಲದಲ್ಲಿ ಭಾನುವಾರದ ಪೂಜೆಯ ಜನಸಂದಣಿ ಶುಕ್ರವಾರಕ್ಕೇ ಸರಿದಿತ್ತು. ಅರೇಬಿಕ್, ತಗಾಲೊಗ್, ಮಲಯಾಳಂ, ಕೊಂಕಣಿ, ಒಂದರ ಹಿಂದೊಂದು. ಲೇಬರ್ ಕ್ಯಾಂಪಿನಿಂದ ಬಸ್ಸು ಹಿಡಿದು ಬಂದ ಹುಡುಗನಿಗೆ ಕೆಲಸದ ಸುದ್ದಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸಬೇಕಾದ ಪೊಟ್ಟಣ, ಕಾಯಿಲೆ ಬಿದ್ದರೆ ನೋಡಲು ಬರುವ ಜನ, ಎಲ್ಲ ಸಿಕ್ಕಿದ್ದು ಆ ಅಂಗಳದಲ್ಲಿ. ಅವರಲ್ಲಿ ಎಷ್ಟೋ ಮಂದಿ ಈಗ ಊರಿಗೆ ಮರಳಿ ಧರ್ಮಕೇಂದ್ರದ ಪಾಲನಾ ಮಂಡಳಿಗಳಲ್ಲಿದ್ದಾರೆ.

ಸೆಪ್ಟೆಂಬರ್ 8ರ ವಾರ ಎಲ್ಲ ದೊಡ್ಡ ಚರ್ಚುಗಳಲ್ಲಿ ಹಬ್ಬದ ಸ್ವಯಂಸೇವಕರ ಪಟ್ಟಿ ಸಿದ್ಧವಾಗಿರುತ್ತದೆ. ಕುಡಿಯುವ ನೀರಿಗೆ ಇಷ್ಟು ಜನ, ಚಪ್ಪಲಿ ಕಾಯಲು ಇಷ್ಟು ಜನ, ತೇರಿನ ಹಗ್ಗಕ್ಕೆ, ಸಾಲು ನೋಡಿಕೊಳ್ಳಲು ಇಷ್ಟು ಜನ. 8ರ ರಾತ್ರಿಗೆ ಆ ಪಟ್ಟಿ ಮುಗಿಯುತ್ತದೆ. ಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಭಾನುವಾರದ ಹೆಸರಿಗೂ ಅದೇ ಪಟ್ಟಿಯಲ್ಲಿ ಎರಡು ಸಾಲು ಬಿಡಿ. ಒಬ್ಬರು ಪೂಜೆಗೆ ಮೊದಲು ಬಾಗಿಲ ಬಳಿ ಪುಸ್ತಕ ಹಿಡಿದು ನಿಲ್ಲಲಿ. ಇನ್ನೊಬ್ಬರು ಪೂಜೆ ಮುಗಿದ ಮೇಲೆ ಗೇಟಿನ ಬಳಿ ನಿಂತು, ಯಾರ ಗುಂಪಿಗೂ ಸೇರದೆ ಹೊರಟವರನ್ನು ನಿಲ್ಲಿಸಿ ಹೆಸರು ಕೇಳಲಿ. ಆ ಎರಡನೆಯ ಕೆಲಸಕ್ಕೆ ದುಬೈಯಿಂದ ಮರಳಿದವರನ್ನೇ ಹಾಕಿ.